ಹೊಸ ವೈನಿನ ಮೊದಲ ತಂಬಿಗೆ

“ಗುರುಗಳೇ, ಹನ್ನೊಂದು ಮಠಗಳಲ್ಲಿ ಹನ್ನೊಂದು ಗುರುಗಳ ಮಾತು ಕೇಳಿ ಬಂದಿದ್ದೇನೆ. ಯಾರ ಮಾತಿಗೆ ಎಷ್ಟು ತೂಕ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆದರೂ ಒಳಗೆ ಏನೂ ನಿಂತಿಲ್ಲ. ಹೀಗೇಕೆ?” ಎಂದು ಸಂಗಯ್ಯ ಕೇಳಿದ.

ಗುರು ಬಾಯಲ್ಲಿದ್ದ ಎಲೆಅಡಿಕೆಯನ್ನು ಪೀಕದಾನಿಗೆ ಉಗುಳಿ, ತುಟಿ ಒರೆಸಿಕೊಂಡರು.

“ವೈನಿನ ಹುಚ್ಚು ಹಿಡಿದವನೊಬ್ಬನ ಕತೆ ಹೇಳುತ್ತೇನೆ, ಕೇಳು.”

ಸಂಗಯ್ಯ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದ. “ಮಠದಲ್ಲಿ ವೈನಿನ ಕತೆಯೇ, ಗುರುಗಳೇ?”

“ಗಾಬರಿಯಾಗಬೇಡ. ಅವನಷ್ಟು ಕಡಿಮೆ ನೀನೂ ಕುಡಿದಿರಲಾರೆ.”

ಒಂದೂರಿನಲ್ಲಿ ಒಬ್ಬ ಗೃಹಸ್ಥನಿದ್ದ. ವೈನ್ ಎಂದರೆ ಅವನಿಗೆ ಪ್ರಾಣ. ಮೊದಮೊದಲು ಎಲ್ಲರಂತೆ ಕುಡಿಯುತ್ತಿದ್ದ, ಎಲ್ಲರಂತೆ ನಗುತ್ತಿದ್ದ, ಎಲ್ಲರಂತೆ ಮಲಗುತ್ತಿದ್ದ. ಒಂದು ದಿನ ಪಟ್ಟಣದ ವೈನ್ ಪರೀಕ್ಷಕನೊಬ್ಬ ಅವನ ಕೈಯಲ್ಲಿದ್ದ ಲೋಟ ನೋಡಿ ಹೇಳಿದ: “ಕುಡಿಯುವವನು ಗಿರಾಕಿ. ಉಗುಳುವವನು ಪರೀಕ್ಷಕ. ನುಂಗುತ್ತ ಹೋದರೆ ಮೂರನೆಯ ಲೋಟಕ್ಕೆ ನಾಲಿಗೆ ಸುಳ್ಳು ಹೇಳತೊಡಗುತ್ತದೆ. ಬಾಯಲ್ಲಿ ಆಡಿಸು, ಗಾಳಿ ಎಳೆದುಕೋ, ರುಚಿ ಹಿಡಿ, ಉಗುಳಿಬಿಡು.”

ಆ ಮಾತು ಗೃಹಸ್ಥನಿಗೆ ನಾಟಿತು. ಮನೆಯ ಹಿತ್ತಿಲಲ್ಲಿ ಉಗುಳುವ ಅಭ್ಯಾಸಕ್ಕೆ ನಿಂತ. ಮೊದಲು ಒಂದು ಮೊಳ, ಆಮೇಲೆ ಒಂದು ಮಾರು, ವರ್ಷ ತುಂಬುವಷ್ಟರಲ್ಲಿ ಐದು ಮಾರು ದೂರದ ಡಬ್ಬಿಯೊಳಗೆ ಒಂದು ಹನಿಯೂ ಆಚೆ ಬೀಳದಂತೆ ಉಗುಳುತ್ತಿದ್ದ. ಡಬ್ಬಿಯ ಪಕ್ಕ ಒಂದು ದಾಸವಾಳದ ಗಿಡವಿತ್ತು. ಗುರಿ ತಪ್ಪುತ್ತಿದ್ದ ದಿನಗಳಲ್ಲಿ ಅದಕ್ಕೆ ಸಿಕ್ಕಿದ್ದು ಕಡಿಮೆಯಲ್ಲ. ಆ ಗಿಡ ಸಂಜೆಯಾಯಿತೆಂದರೆ ಗಾಳಿಯಿಲ್ಲದೆಯೂ ಓಲಾಡುತ್ತಿತ್ತಂತೆ. ನೋಡಿದವರು ಯಾರೂ ಈಗ ಉಳಿದಿಲ್ಲ, ಹಾಗಾಗಿ ನಂಬಲು ಅಡ್ಡಿಯಿಲ್ಲ.

“ಸಾರು ಹೇಗಿದೆ ಅಂದರೆ ಉತ್ತರ ಕೊಡೋ ಮೊದಲು ಉಗುಳೋಕೆ ಬಟ್ಟಲು ಹುಡುಕ್ತೀರಲ್ಲ! ನುಂಗ್ರೀ ಮೊದಲು!” ಎಂದು ಹೆಂಡತಿ ಗದರುತ್ತಿದ್ದಳು. ಅವನು ನಗುತ್ತಿದ್ದ. ಸಾರನ್ನು ನುಂಗುತ್ತಿದ್ದ. ವೈನನ್ನು ಮಾತ್ರ ಏಳು ವರ್ಷ ನುಂಗಲಿಲ್ಲ.

ಏಳು ವರ್ಷಕ್ಕೆ ಅವನ ನಾಲಿಗೆ ಎಷ್ಟು ಹರಿತವಾಯಿತೆಂದರೆ, ಯಾವ ಗುಡ್ಡದ ಯಾವ ಮಗ್ಗುಲಿನ ದ್ರಾಕ್ಷಿ, ಮಳೆಯಾದ ಎಷ್ಟನೆಯ ದಿನ ಕೊಯ್ದದ್ದು ಎಂದೆಲ್ಲ ಹೇಳಿಬಿಡುತ್ತಿದ್ದ. ಈಗ ಅವನಿಗೆ ಒಂದೇ ಆಸೆ. ಯಾವುದಾದರೂ ವೈನರಿಯಲ್ಲಿ ರುಚಿ ನೋಡುವ ಕೆಲಸ ಸಿಗಬೇಕು. ನೆಲಮಾಳಿಗೆಯ ಕೀಲಿಕೈ ಸೊಂಟದಲ್ಲಿ ತೂಗಬೇಕು. ಇನ್ನೊಬ್ಬರ ಪೀಪಾಯಿಗಳ ನಡುವೆ ಅತಿಥಿಯಾಗಿ ಸುಳಿದಾಡಿ ಅವನಿಗೆ ಸಾಕಾಗಿತ್ತು. ಅಲ್ಲಿಯವನು ಎನಿಸಿಕೊಳ್ಳಬೇಕಾಗಿತ್ತು.

ಮೊದಲನೆಯ ವೈನರಿಯಲ್ಲಿ ಒಂದು ಗುಟುಕು ಉಗುಳಿ, “ಈ ಪೀಪಾಯಿಯ ಹಿಂದೆ ಇಲಿ ಸಂಸಾರ ಹೂಡಿದೆ” ಎಂದ. ಪೀಪಾಯಿ ಸರಿಸಿದರು. ಇಲಿ ಇತ್ತು, ಅದರ ಆರು ಮರಿಗಳೂ ಇದ್ದವು. ಮಾಲೀಕ ಕೈಮುಗಿದು, “ಆ ಕೆಲಸಕ್ಕೆ ನಮ್ಮಲ್ಲಿ ಬೆಕ್ಕಿದೆ, ನೀವು ಹೊರಡಿ” ಎಂದ. ಎರಡನೆಯದರಲ್ಲಿ, “ನಿಮ್ಮದಕ್ಕಿಂತ ನಿಮ್ಮ ತಂದೆಯವರ ಕಾಲದ್ದೇ ಚೆನ್ನಾಗಿತ್ತು” ಎಂದ. ಅಲ್ಲಿಂದ ಅವನು ಎಷ್ಟು ವೇಗವಾಗಿ ಹೊರಟನೆಂದರೆ ಚಪ್ಪಲಿ ಅಲ್ಲಿಯೇ ಉಳಿಯಿತು. ಮೂರನೆಯದರಲ್ಲಿ ಬಾಟಲಿಗೆ ಚೀಟಿ ಅಂಟಿಸುವ ಕೆಲಸವಿದೆ ಎಂದರು. ಅವನು ಚೀಟಿಯ ಅಂಟನ್ನು ಮೂಸಿ ನೋಡಿ, ತಲೆಯಾಡಿಸಿ ಹೊರಬಂದ.

ಕೊನೆಗೆ ನದಿಯಾಚೆಯ ಒಂದು ದ್ರಾಕ್ಷಿ ತೋಟಕ್ಕೆ ಬಂದ. ಅದನ್ನು ನಡೆಸುತ್ತಿದ್ದವಳು ಒಬ್ಬ ಹಿರಿಯ ಹೆಂಗಸು. ಆಕೆ ಅವನ ಕಣ್ಣಿಗೆ ಬಟ್ಟೆ ಕಟ್ಟಿಸಿ ಐದು ಲೋಟ ಇಡಿಸಿದಳು. ಪಕ್ಕದಲ್ಲಿ ಉಗುಳಲು ಒಂದು ಬಟ್ಟಲನ್ನೂ ಇಡಿಸಿದಳು. ನಾಲ್ಕು ಲೋಟಗಳ ಜಾತಕವನ್ನು ಅವನು ಗಡಿಯಾರದಂತೆ ಒಪ್ಪಿಸಿದ. ಐದನೆಯದನ್ನು ಉಗುಳಿ, ಕಣ್ಣಿನ ಬಟ್ಟೆಯನ್ನು ತಾನೇ ಬಿಚ್ಚಿದ.

“ಇದರ ದ್ರಾಕ್ಷಿ ತುಳಿದವರು ಅಳುತ್ತಿದ್ದರು.”

“ಹೇಗೆ ಹೇಳ್ತೀರಿ?”

“ಉಪ್ಪಿದೆ.”

ಯಜಮಾನಿಯ ಕೈಯಲ್ಲಿದ್ದ ಬಾಟಲಿಯ ಮುಚ್ಚಳ ಕೆಳಗೆ ಬಿತ್ತು. ಗಂಡ ತೀರಿಕೊಂಡ ವರ್ಷದ ವೈನ್ ಅದು. ಆಳುಗಳು ಯಾರೂ ಬಾರದ ಕಾರಣ ರಸ ತೆಗೆಯಲು ದ್ರಾಕ್ಷಿಯನ್ನು ಅವಳೇ ಕಾಲಿನಿಂದ ತುಳಿದಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವಳು ಕೀಲಿಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. “ಕೆಲಸ ನಿಮ್ಮದೇ. ನಾಳೆ ಬೆಳಿಗ್ಗೆ ಹೊಸ ವೈನಿನ ಮೊದಲ ತಂಬಿಗೆ ತೆಗೀತೀವಿ. ಇಲ್ಲಿ ದುಡಿಯೋರೆಲ್ಲ, ಬುಟ್ಟಿ ಹೊರೋರಿಂದ ನನ್ನವರೆಗೆ, ಒಂದೇ ತಂಬಿಗೆಯಿಂದ ಒಂದೊಂದು ಗುಟುಕು ಕುಡೀಬೇಕು. ತುಟಿ ತಾಗಿಸದೆ, ಎತ್ತಿ. ಕುಡಿದವರು ಈ ತೋಟದವರು. ನಾಳೆ ನೀವೂ ಕುಡೀರಿ, ಆಮೇಲೆ ಈ ಕೀಲಿ ನಿಮ್ಮ ಸೊಂಟಕ್ಕೆ.”

ಗೃಹಸ್ಥ ಆ ರಾತ್ರಿ ತೋಟದಲ್ಲಿಯೇ ಮಲಗಿದ. ಮರುದಿನ ಎದ್ದವನೇ ಬಾವಿಯ ಬಳಿ ಹೋಗಿ, ತಂಬಿಗೆಯಲ್ಲಿ ನೀರು ತುಂಬಿ, ಎತ್ತಿ ಕುಡಿದು ನೋಡಿದ. ನೀರು ಸರಾಗವಾಗಿ ಇಳಿಯಿತು. ಇನ್ನೇನು ಭಯ?

ಪೀಪಾಯಿಯ ಮುಂದೆ ನಲವತ್ತು ಜನ ಸಾಲಾಗಿ ನಿಂತಿದ್ದರು. ವರ್ಷವಿಡೀ ಬಳ್ಳಿ ಕಟ್ಟಿದವರು, ಕೊಯ್ದವರು, ಹೊತ್ತವರು. ಯಜಮಾನಿ ತಂಬಿಗೆ ತುಂಬಿಸಿ, ಎತ್ತಿ ಒಂದು ಗುಟುಕು ಕುಡಿದಳು. ಎರಡನೆಯ ಗುಟುಕು ಹೊಸಬನಿಗೆ ಎಂದು, ಗೌರವಕ್ಕಾಗಿ, ಅವನ ಕೈಗೆ ಕೊಟ್ಟಳು.

ಅವನು ತಂಬಿಗೆ ಎತ್ತಿದ. ವೈನ್ ಬಾಯಿಗೆ ಬಿತ್ತು. ಏಳು ವರ್ಷದಲ್ಲಿ ಅಂಥ ರುಚಿ ಅವನು ಕಂಡಿರಲಿಲ್ಲ. ನುಂಗು ಎಂದು ತನಗೆ ತಾನೇ ಹೇಳಿಕೊಂಡ. ನಾಲಿಗೆ ಕೇಳಲಿಲ್ಲ. ಅದು ವೈನನ್ನು ಎಡಗೆನ್ನೆಗೆ ಉರುಳಿಸಿತು, ಬಲಗೆನ್ನೆಗೆ ಉರುಳಿಸಿತು. ತುಟಿಗಳು ತಾವೇ ಗುಂಡಗಾಗಿ ಸುಯ್ಯೆಂದು ಗಾಳಿ ಎಳೆದವು. ನುಂಗು, ನುಂಗು ಎಂದ. ಗಂಟಲು ಬಾಗಿಲು ಹಾಕಿಕೊಂಡು ಕುಳಿತಿತ್ತು. ಕಣ್ಣು ಅತ್ತ ಇತ್ತ ಬಟ್ಟಲು ಹುಡುಕಿತು. ಬಟ್ಟಲು ಇರಲಿಲ್ಲ. ತಂಬಿಗೆ ಹಿಡಿದ ಕೈ ಮೆಲ್ಲಗೆ ಮೇಲೆದ್ದಿತು.

ಅವನು ತಂಬಿಗೆಯೊಳಗೇ ಉಗುಳಿಬಿಟ್ಟ. ನೂಲಿನಷ್ಟು ತೆಳುವಾದ ಧಾರೆ. ಒಂದು ಹನಿಯೂ ಆಚೆ ಬೀಳಲಿಲ್ಲ.

ನಲವತ್ತು ಜನರ ಉಸಿರು ಒಮ್ಮೆಗೇ ನಿಂತಿತು. ತುಟಿಯನ್ನೂ ತಾಗಿಸಬಾರದ ತಂಬಿಗೆ. ಒಂದು ವರ್ಷದ ಮೊದಲ ವೈನ್. ಸಾಲಿನಲ್ಲಿದ್ದ ಯಾರೂ ಇನ್ನೂ ಕುಡಿದಿರಲಿಲ್ಲ.

“ಅಯ್ಯ ನಮ್ಮವ್ವ! ತಂಬಿಗ್ಯಾಗ ಉಗುಳಿದ್ನಲ್ಲೇ!” ಎಂದು ಬುಟ್ಟಿ ಹೊರುವ ಮುದುಕಿಯೊಬ್ಬಳು ಬಾಯಿ ಬಡಿದುಕೊಂಡಳು.

ಗೃಹಸ್ಥ ತಂಬಿಗೆಯನ್ನೇ ನೋಡುತ್ತಿದ್ದ. ಬೇರೆ ಯಾರೋ ಬಂದು ಉಗುಳಿ ಓಡಿಹೋದರೇನೋ ಎಂಬಂತೆ ನೋಡುತ್ತಿದ್ದ. ತಂಬಿಗೆ ಅವನ ಕೈಯಲ್ಲಿಯೇ ಇತ್ತು.

ಯಜಮಾನಿ ಬೈಯಲಿಲ್ಲ. “ಹೇಗಿತ್ತು?” ಎಂದಷ್ಟೇ ಕೇಳಿದಳು.

ಕ್ಷಮೆ ಕೇಳಬೇಕೆಂದು ಅವನು ಬಾಯಿ ತೆರೆದ. ಬಾಯಿಂದ ಬಂದದ್ದೇ ಬೇರೆ. “ಮೂಡಣ ಮಗ್ಗುಲಿನ ದ್ರಾಕ್ಷಿ. ಬಿಸಿಲು ಚೆನ್ನಾಗಿ ಕುಡಿದಿದೆ. ಕೊನೆಯಲ್ಲಿ ನೇರಳೆಹಣ್ಣಿನ ಒಗರು. ಇನ್ನು ಎರಡು ವರ್ಷ ಇಟ್ಟರೆ…” ತನ್ನ ದನಿ ತನಗೇ ಕೇಳಿಸಿ, ಅಲ್ಲಿಗೇ ಬಾಯಿಯ ಮೇಲೆ ಕೈ ಇಟ್ಟುಕೊಂಡ.

ಹೇಳಿದ್ದು ಅಷ್ಟೂ ನಿಜವಾಗಿತ್ತು. ಯಜಮಾನಿ ತಂಬಿಗೆ ತೆಗೆದುಕೊಂಡು ಅದರಲ್ಲಿದ್ದುದನ್ನು ಮಣ್ಣಿಗೆ ಚೆಲ್ಲಿದಳು. ಬೂದಿ ಹಾಕಿ ಮೂರು ಸಲ ತಿಕ್ಕಿ ತೊಳೆದಳು. ಅವನಿಗೆಂದು ಪೀಪಾಯಿಯ ಪಕ್ಕ ಇಟ್ಟಿದ್ದ ಕೀಲಿಕೈ ಗೊಂಚಲನ್ನು ತೆಗೆದು ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಳು.

“ಊಟ ಮಾಡಿಕೊಂಡು ಹೋಗಿ” ಎಂದಳು.

ಗುರು ಕತೆ ನಿಲ್ಲಿಸಿ ಇನ್ನೊಂದು ಎಲೆಗೆ ಸುಣ್ಣ ಹಚ್ಚತೊಡಗಿದರು.

ಸಂಗಯ್ಯ ಕಣ್ಣು ಮುಚ್ಚಿ ಕೇಳುತ್ತಿದ್ದವನು ಕಣ್ಣು ತೆರೆದು, ಮೆಚ್ಚುಗೆಯಿಂದ ತಲೆದೂಗಿದ. “ಒಳ್ಳೆಯ ಕತೆ, ಗುರುಗಳೇ. ಇಲಿಯ ಭಾಗ ಸ್ವಲ್ಪ ಉದ್ದವಾಯಿತು. ಉಪ್ಪಿನ ಮಾತು ನಂಬುವುದು ಕಷ್ಟ. ಆದರೆ ತಂಬಿಗೆಯ ಭಾಗ ಗಟ್ಟಿಯಾಗಿದೆ. ನನ್ನ ಐದನೆಯ ಗುರುಗಳು ಇಂಥದೇ ಒಂದನ್ನು ಹೇಳಿದ್ದರು. ಅದಕ್ಕಿಂತ ಇದು ಒಂದು ಕೈ ಮೇಲು.”

ಗುರು ಪೀಕದಾನಿಯನ್ನು ಮೆಲ್ಲಗೆ ಅವನ ಮುಂದಕ್ಕೆ ಸರಿಸಿದರು.

“ಉಗುಳುವುದಾದರೆ ಇದರಲ್ಲಿ ಉಗುಳಪ್ಪ, ನೆಲ ಈಗಷ್ಟೇ ಸಾರಿಸಿದ್ದು.”