ತೋಳಹಲ್ಲಿನ ದಿಬ್ಬ

ಜರ್ಮನಿಯ ಪೂರ್ವದ ಅಂಚಿನಲ್ಲಿ, ಸ್ಪ್ರೇ ನದಿಯ ಆಚೆಗಿನ ಪೈನ್ ಕಾಡುಗಳ ನಡುವೆ, ಸೋರ್ಬ್ ಎಂಬ ಜನ ಇದ್ದಾರೆ. ಸುತ್ತೆಲ್ಲ ಜರ್ಮನ್ ಮಾತು ಹಬ್ಬಿದ್ದರೂ ತಮ್ಮ ಮಾತನ್ನೂ ಹಬ್ಬಹರಿದಿನಗಳನ್ನೂ ಬಿಡದೆ ಉಳಿಸಿಕೊಂಡು ಬಂದ ಹಟದ ಜನ. ಅವರ ಜಲೇಸ್ಕಿ ಎಂಬ ಊರಿನ ಬೆನ್ನಿಗೆ ಒಂದು ಹುಲ್ಲಿನ ದಿಬ್ಬವಿದೆ. ನಮ್ಮ ಕಡೆಯವರು ಕಂಡರೆ ‘ಇದನ್ನೂ ಗುಡ್ಡ ಅನ್ನುತ್ತಾರಲ್ಲಪ್ಪ!’ ಎಂದು ನಕ್ಕಾರು, ಅಷ್ಟೇ ಅದರ ಎತ್ತರ. ಈಸ್ಟರ್ ಹಬ್ಬದ ದಿನ ಮಕ್ಕಳು ಬಣ್ಣದ ಮೊಟ್ಟೆಗಳನ್ನು ಅದರ ಇಳಿಜಾರಿನಲ್ಲಿ ಉರುಳಿಸಿ ಆಡುತ್ತಾರೆ. ನೆತ್ತಿಯ ಮೇಲೆ ಮಾತ್ರ ನಗೆ ನಿಂತುಹೋಗುತ್ತದೆ. ಅಲ್ಲಿ ಮೊಳಕಾಲೆತ್ತರದ ಮುಮ್ಮೂಲೆ ಕಲ್ಲುಗಳು ಒತ್ತಾಗಿ ಸಾಲುಗಟ್ಟಿ ನಿಂತಿವೆ, ಪ್ರತಿಯೊಂದರ ಮೊನೆಯೂ ಊರಾಚೆಗೆ ವಾಲಿದೆ, ಒಂದನ್ನು ಬಿಟ್ಟು. ಊರವರು ಇದನ್ನು ತಮ್ಮ ಮಾತಿನಲ್ಲಿ ತೋಳಹಲ್ಲಿನ ದಿಬ್ಬ ಎನ್ನುತ್ತಾರೆ. ತೋಳ ಇಲ್ಲಿ ಯಾರನ್ನೂ ಕಚ್ಚಿದ್ದಿಲ್ಲ. ಕಚ್ಚಿದ್ದು ಮನುಷ್ಯರೇ.

ಹಿಂದೆ ಒಮ್ಮೆ, ಕಾಡೆಲ್ಲ ಒಬ್ಬ ದೊರೆಯ ಸ್ವತ್ತಾಗಿದ್ದ ಕಾಲದಲ್ಲಿ, ಈ ಊರಿನವರು ಮರದ ಜೇನು ಸಾಕಿ ಬದುಕುತ್ತಿದ್ದರು. ಬದುಕಿರುವ ಪೈನ್ ಮರದ ಕಾಂಡದಲ್ಲೇ ಎತ್ತರದಲ್ಲಿ ಪೊಟರೆ ಕೊರೆದು, ಅದರಲ್ಲಿ ಜೇನು ಕೂರಿಸಿ, ವರ್ಷಕ್ಕೊಮ್ಮೆ ಹಗ್ಗ ಹಾಕಿಕೊಂಡು ಹತ್ತಿ ಕೊಯ್ಯುವುದು ಅವರ ಕಸುಬು. ಆ ಮರಗಳಲ್ಲೆಲ್ಲ ಹೆಸರಾದದ್ದು ಸಿಡಿಲುಮರ. ಸಿಡಿಲು ಬಡಿದು ಹೊಟ್ಟೆಯೆಲ್ಲ ಸುಟ್ಟಿದ್ದರೂ ಸಾಯದೆ ನಿಂತಿದ್ದ ಆ ಮರದ ಮೇಣವನ್ನು ಕಾಯಿಸಿದಾಗ ಒಂದು ವಾಸನೆ ಏಳುತ್ತಿತ್ತು, ಜೇನು, ರಾಳ, ಸುಟ್ಟ ಕಟ್ಟಿಗೆ ಮೂರೂ ಕಲಸಿದ ವಾಸನೆ. ಇಗರ್ಜಿಯ ಈಸ್ಟರ್ ಮೇಣದಬತ್ತಿಯನ್ನು ಅದರಿಂದಲೇ ಎರೆಯುತ್ತಿದ್ದರು. ತೊಟ್ಟಿಲ ಕೂಸಿನಿಂದ ಹಿಡಿದು ಕೋಲೂರುವ ಮುದುಕರವರೆಗೆ ಊರಿನವರಿಗೆಲ್ಲ ಹಬ್ಬ ಎಂದರೆ ಆ ವಾಸನೆ. ಮರವನ್ನು ನೋಡಿಕೊಳ್ಳುತ್ತಿದ್ದವನು ಯೂರಿ. ಅವನ ಹೆಂಡತಿ ಹಿಲ್ಜಾ, ಮೊಟ್ಟೆಗೆ ಮೇಣದ ಚಿತ್ತಾರ ಹಾಕುವುದರಲ್ಲಿ ಎತ್ತಿದ ಕೈ.

ಆ ಚಿತ್ತಾರದ ಬಗೆಯನ್ನೂ ಇಲ್ಲೇ ಹೇಳಿಬಿಡಬೇಕು. ಬಾತುಕೋಳಿ ಗರಿಯ ತುದಿಯನ್ನು ಮೂರುಮೂಲೆಯಾಗಿ ಕತ್ತರಿಸಿ, ಕರಗಿದ ಮೇಣದಲ್ಲಿ ಅದ್ದಿ, ಮೊಟ್ಟೆಯ ಮೇಲೆ ತಟ್ಟನೆ ಮುಟ್ಟಿಸಿ ತೆಗೆಯುತ್ತಾರೆ. ಆಮೇಲೆ ಮೊಟ್ಟೆಯನ್ನು ಬಣ್ಣದಲ್ಲಿ ಮುಳುಗಿಸಿದರೆ ಮೇಣ ಕೂತ ಕಡೆ ಬಣ್ಣ ಹಿಡಿಯುವುದಿಲ್ಲ. ಕೊನೆಗೆ ದೀಪದ ಪಕ್ಕಕ್ಕೆ ಹಿಡಿದು, ಮೇಣ ಬೆವರಿದ ಹಾಗೆ ಆದಾಗ ಬಟ್ಟೆಯಲ್ಲಿ ಒರೆಸಿದರೆ ಒಳಗಿನ ಚಿತ್ತಾರ ಬೆಳ್ಳಗೆ ಎದ್ದು ಬರುತ್ತದೆ. ಸಾಲು ಸಾಲಾದ ಆ ಮುಮ್ಮೂಲೆಗಳಿಗೆ ತೋಳಹಲ್ಲು ಎಂದು ಹೆಸರು. ಹಲ್ಲಿನ ಮೊನೆ ಹೊರಕ್ಕಿದ್ದರೆ ಮೊಟ್ಟೆ ಇಟ್ಟುಕೊಂಡವರನ್ನು ಕೇಡಿನಿಂದ ಕಾಯುತ್ತದಂತೆ. ಒಳಕ್ಕಿದ್ದರೆ ಅವರನ್ನೇ ಕಡಿಯುತ್ತದಂತೆ. ಇಗರ್ಜಿಯಲ್ಲಿ ಮಗುವಿಗೆ ನೀರೆರೆದು ಹೆಸರಿಡುವ ಜ್ಞಾನಸ್ನಾನದ ದಿನ ಅದರ ಎರಡನೆಯ ತಾಯಿಯಾಗಿ, ಅಂದರೆ ಜ್ಞಾನತಾಯಿಯಾಗಿ ನಿಂತವಳು, ಅದು ದೊಡ್ಡದಾಗುವ ತನಕ ಪ್ರತಿ ಈಸ್ಟರಿಗೆ ಅದಕ್ಕೆ ಮೂರು ಮೊಟ್ಟೆ ಕೊಡಲೇಬೇಕು. ಅದಕ್ಕೆ ಬೇಕಾದ ಮೇಣ ಮಗುವಿನ ಮನೆಯಿಂದ ಬರಬೇಕು. ಕೊಡದಿದ್ದರೂ ಕೇಡು, ತೆಗೆದುಕೊಳ್ಳದಿದ್ದರೂ ಮಗುವಿಗೇ ಕೇಡು. ಹಿಲ್ಜಾ ಹೀಗೆ ಜ್ಞಾನತಾಯಿಯಾಗಿದ್ದದ್ದು ಕಾಡಿನ ಕಾವಲುಗಾರ ಹಾಂದ್ರಿಯ ಮಗಳು ಲೇಂಕಾಳಿಗೆ.

ಒಂದು ಚಳಿಗಾಲ ಸಿಡಿಲುಮರವನ್ನು ಯಾರೋ ದೋಚಿದರು. ಜೇನು, ಮೇಣ ಎಲ್ಲವನ್ನೂ ಬಾಚಿಕೊಂಡು ನೊಣಗಳನ್ನು ಹೊಗೆಗೆ ಕೊಂದಿದ್ದರು, ಮರ ಆಮೇಲೆ ಒಣಗಿಯೇ ಹೋಯಿತು. ‘ಯೂರಿ ಹತ್ತಿದ್ದನ್ನು ನನ್ನ ಕಣ್ಣಾರೆ ಕಂಡೆ’ ಎಂದು ಹಾಂದ್ರಿ ಶಿಲುಬೆ ಮುಟ್ಟಿ ಆಣೆಯಿಟ್ಟ. ಜೇನಿನ ಮರದ ತಕರಾರನ್ನು ಜೇನುಗಾರರ ಪಂಚಾಯತಿಯೇ ತೀರ್ಮಾನಿಸುವ ಕಾಲ ಅದು. ಹಿರಿಯರು ಆಣೆಯನ್ನು ನಂಬಿದರು, ಯೂರಿಯನ್ನು ನಂಬಲಿಲ್ಲ. ಕಾಲಲ್ಲಿ ಜೋಡಿಲ್ಲದೆ, ಮೈಮೇಲೆ ಕಂಬಳಿಯಿಲ್ಲದೆ, ಹಿಮದಲ್ಲೇ ಆ ದಿಬ್ಬ ಹತ್ತಿಸಿ ಗಡಿಯಾಚೆಗೆ ಅಟ್ಟಿದರು. ಹಿಲ್ಜಾ ಜೋಡುಗಳನ್ನು ಎದೆಗವುಚಿಕೊಂಡು ಹಿಂದೆ ಓಡಿದಳು. ಹಾಂದ್ರಿಯೇ ಅವಳ ತೋಳು ಹಿಡಿದು ನಿಲ್ಲಿಸಿ, ‘ಕಟ್ಟಳೆ ಅಂದರೆ ಕಟ್ಟಳೆ, ತಂಗೀ’ ಎಂದ. ಹಿಮ ಕರಗಿದ ಮೇಲೆ ಯೂರಿಯ ಹೆಣ ಸಿಕ್ಕಿತು, ದಿಬ್ಬದ ನೆತ್ತಿಯಿಂದ ಕೂಗಳತೆಯಲ್ಲೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಊರು ಕೈತೊಳೆದುಕೊಂಡು ತನ್ನ ಕೆಲಸಕ್ಕೆ ಹೋಯಿತು. ಹಿಲ್ಜಾ ಜೋಡುಗಳನ್ನು ಒಲೆಯ ಪಕ್ಕದ ಗೂಟಕ್ಕೆ ತೂಗುಹಾಕಿದಳು. ದೋಚಿದವನು ಸಿಗಬೇಕು, ಅವನ ಬರಿಗಾಲನ್ನು ನಾನು ಕಣ್ಣಾರೆ ನೋಡಬೇಕು, ಅಲ್ಲಿಯತನಕ ಸಾಯುವುದಿಲ್ಲ ಎಂದು ಅಂದುಕೊಂಡಳು. ಅದೊಂದೇ ಅವಳ ಜಪವಾಯಿತು.

ಅದಾಗಿ ಎರಡು ಹಬ್ಬ ಕಳೆದವು. ಮೂರನೆಯದರ ಮುಂಚೆ ಹಾಂದ್ರಿ ದೊರೆಯ ಜೊತೆ ಪೇಟೆಗೆ ಹೋಗಿದ್ದಾಗ, ಅವನ ಹೆಂಡತಿ ವೋರ್ಶಾ ವಾಡಿಕೆಯಂತೆ ಹಿಲ್ಜಾಳಿಗೆ ಒಂದು ಮೇಣದ ಗಟ್ಟಿ ಕೊಟ್ಟು ಕಳಿಸಿದಳು. ನದಿಯ ಕಡೆಯ ಊರಿಂದ ಬಂದ ಸೊಸೆ ಅವಳು, ಜೇನಿನವಳಲ್ಲ. ಮನೆಯ ಮೇಣ ಮುಗಿದಿತ್ತು, ಅಟ್ಟದ ಮೂಲೆಯ ಚೀಲದಲ್ಲಿ ಕಂಡದ್ದನ್ನು ಮುರಿದು ಕೊಟ್ಟಳು. ತಣ್ಣಗಿನ ಮೇಣಕ್ಕೆ ಏನು ವಾಸನೆ? ಹಿಲ್ಜಾ ಅದನ್ನು ಚಮಚದಲ್ಲಿಟ್ಟು ದೀಪಕ್ಕೆ ಹಿಡಿದಳು. ಜೇನು, ರಾಳ, ಸುಟ್ಟ ಕಟ್ಟಿಗೆ. ಅಯ್ಯೋ ದೇವರೇ, ಯೂರಿಯ ಅಂಗಿಯ ವಾಸನೆ! ಅವಳ ಕೈಯ ಗರಿ ನೆಲಕ್ಕೆ ಬಿತ್ತು. ಮಾರಿದರೆ ಸಿಕ್ಕಿಬೀಳುತ್ತೇನೆಂಬ ಭಯಕ್ಕೆ ಮಾರದೆ, ಎಸೆಯಲು ಜಿಪುಣ ಮನಸ್ಸು ಒಪ್ಪದೆ, ಅಟ್ಟಕ್ಕೆ ಸೇರಿಸಿದ್ದ ಹಾಂದ್ರಿ ಮಹಾರಾಯ! ಕೂಗಿ ಊರು ಕೂಡಿಸೋಣವೆಂದು ಅವಳು ಬಾಗಿಲ ತನಕ ಹೋದಳು. ಹೊಸಿಲಲ್ಲೇ ನಿಂತಳು. ವಿಧವೆಯ ಕೈಯಲ್ಲಿರುವ ಮೇಣ ಯಾರದೆಂದು ಯಾರು ನಂಬುತ್ತಾರೆ? ‘ನಿನ್ನ ಗಂಡ ಕದ್ದು ಬಚ್ಚಿಟ್ಟಿದ್ದು’ ಎಂದು ಅವಳ ಮೇಲೇ ತಿರುಗಿಸುತ್ತಾರೆ. ಈ ಮೇಣ ಹಾಂದ್ರಿಯ ಕೈಯಲ್ಲೇ ಕರಗಬೇಕು, ಊರೆಲ್ಲ ನಿಂತಿರುವಾಗ. ಹಿಲ್ಜಾ ಮರಳಿ ಬಂದು ಕೂತು, ಗರಿಯನ್ನು ಒರೆಸಿ, ಮೊಟ್ಟೆ ಎತ್ತಿಕೊಂಡಳು.

ಅವಳು ಎರಡು ಮೊಟ್ಟೆಗಳನ್ನು ತನ್ನ ಮನೆಯ ಮೇಣದಲ್ಲಿ ಎಂದಿನಂತೆ ಮಾಡಿದಳು, ಹಲ್ಲುಗಳ ಮೊನೆ ಹೊರಕ್ಕೆ. ಏಕೆಂದರೆ ಮಗು ಮಗುವೇ. ಮೂರನೆಯದಕ್ಕೆ ಸಿಡಿಲುಮರದ ಮೇಣವನ್ನು ದಪ್ಪದಪ್ಪಗೆ ಇಟ್ಟು, ಕಪ್ಪು ಬಣ್ಣದಲ್ಲಿ ಮುಳುಗಿಸಿ, ಮೇಣವನ್ನು ಒರೆಸದೆ ಹಾಗೇ ಬಿಟ್ಟಳು. ಹಬ್ಬದ ದಿನ ಪೂಜೆ ಮುಗಿಸಿ ಊರೆಲ್ಲ ದಿಬ್ಬಕ್ಕೆ ಬಂತು. ಹಾಂದ್ರಿ ಹೊಸ ಕೋಟು ತೊಟ್ಟು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುನಗುತ್ತಾ ಬಂದು ಕೆಳಗಿಳಿಸಿದ. ಹಿಲ್ಜಾ ಎರಡು ಮೊಟ್ಟೆಗಳನ್ನು ಲೇಂಕಾಳ ಮಡಿಲಿಗೆ ಹಾಕಿ, ಕಪ್ಪು ಮೊಟ್ಟೆಯನ್ನೂ ಉರಿಯುವ ಬತ್ತಿಯನ್ನೂ ಅವನ ಮುಂದೆ ಹಿಡಿದಳು.

“ನನ್ನ ಕೈ ನಡುಗುತ್ತದೆ, ಹಾಂದ್ರಿಯಣ್ಣ. ನಿಮ್ಮ ಮನೆಯ ಮೇಣ, ನೀವೇ ಕರಗಿಸಿ ಮಗಳಿಗೆ ಕೊಡಿ.”

“ಅಯ್ಯೋ, ಅದಕ್ಕೇನಂತೆ, ಕೊಡಮ್ಮ” ಎಂದು ಅವನು ಮೊಟ್ಟೆಯನ್ನು ಉರಿಯ ಪಕ್ಕಕ್ಕೆ ಹಿಡಿದ.

ಮೇಣ ಬೆವರಿತು, ಬೆರಳುಗಳ ಸಂದಿಯಲ್ಲಿ ಇಳಿಯಿತು, ಗಾಳಿಗೆ ವಾಸನೆ ಎದ್ದಿತು. ಮೊದಲು ಹತ್ತಿರದ ಮುದುಕನೊಬ್ಬ ಮೂಗು ಮೇಲೆತ್ತಿದ. ಆಮೇಲೆ ಒಬ್ಬೊಬ್ಬರಾಗಿ ತಿರುಗಿದರು. ‘ಅವ್ವಾ, ನಮ್ಮ ಹಳೇ ಹಬ್ಬದ ಬತ್ತಿ!’ ಎಂದು ಯಾವುದೋ ಮಗು ಖುಷಿಯಿಂದ ಕೂಗಿತು. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಲ್ಲ ಸೀಮೆಯಲ್ಲೂ ಒಂದೇ.

“ಇದು ನಮ್ಮ ಮನೆಯ ಮೇಣವೇ ಅಲ್ಲ!” ಎಂದು ಹಾಂದ್ರಿ ಕಿರುಚಿದ.

“ಅಲ್ಲ ಅಂದರೆ ಹೇಗೆ?” ವೋರ್ಶಾ ಪಾಪ ಏನೂ ತಿಳಿಯದೆ ಮುಂದೆ ಬಂದಳು. “ಅಟ್ಟದ ಮೇಲೆ ನೀವೇ ಇಟ್ಟಿದ್ದಿರಲ್ಲ, ಚೀಲ ತುಂಬ? ಅದರಿಂದ ನಾನೇ ಮುರಿದುಕೊಟ್ಟೆ.”

ಹಿಲ್ಜಾ ಅವನ ಕೈಯಿಂದ ಮೊಟ್ಟೆಯನ್ನು ತೆಗೆದುಕೊಂಡು, ತನ್ನ ಲಂಗದ ಅಂಚಿನಲ್ಲಿ ಒರೆಸಿ ಎತ್ತಿ ಹಿಡಿದಳು. ಕಪ್ಪಿನ ನಡುವೆ ಬೆಳ್ಳಗೆ ಒಂದು ಬೋಳು ಮರ, ಅದರ ಸುತ್ತ ಒಳಕ್ಕೆ ತಿರುಗಿದ ತೋಳಹಲ್ಲುಗಳು. ಜೇನುಗಾರರ ಹಿರಿಯರು ತಲೆ ತಗ್ಗಿಸಿದರು. ತಾವು ಯಾರನ್ನು ಹಿಮಕ್ಕೆ ಅಟ್ಟಿದ್ದೆವೆಂದು ಅವರಿಗೆ ಈಗ ಅರಿವಾಯಿತು. ಶಿಕ್ಷೆಯನ್ನು ನೀನೇ ಹೇಳಮ್ಮ ಎಂದು ಅವಳಿಗೇ ಬಿಟ್ಟರು.

“ಯೂರಿಗೆ ಏನು ಕೊಟ್ಟಿರೋ ಅದೇ ಆಗಲಿ. ಗುಲಗಂಜಿಯಷ್ಟೂ ಹೆಚ್ಚು ಬೇಡ, ಕಡಿಮೆಯೂ ಬೇಡ” ಎಂದಳು ಹಿಲ್ಜಾ. ಹಿರಿಯರು ಅಲ್ಲೇ ಅವನ ಜೋಡು ಬಿಚ್ಚಿಸಲು ಹೋದಾಗ ಕೈ ಅಡ್ಡ ಹಿಡಿದಳು. “ಇವತ್ತು ಬಿಸಿಲಿದೆ. ಹುಲ್ಲು ಬಂದಿದೆ. ನನ್ನ ಗಂಡ ನಡೆದದ್ದು ಹಿಮದಲ್ಲಿ. ನನಗೇನೂ ಅವಸರವಿಲ್ಲ, ಕಾಯುತ್ತೇನೆ.”

ಅವಳ ಸೇಡಿನಲ್ಲಿ ಎಲ್ಲಕ್ಕಿಂತ ಕ್ರೂರವಾದದ್ದು ಇದೇ ಎನ್ನುತ್ತಾರೆ. ಆ ಬೇಸಿಗೆಯೆಲ್ಲ ಹಾಂದ್ರಿ ತನ್ನ ಮನೆಯಲ್ಲೇ ಇದ್ದ. ಊರಿನ ಕಾವಲು ಬಾಗಿಲಲ್ಲಿತ್ತು. ಉಂಡದ್ದು ಮೈಗೆ ಹತ್ತದೆ, ಎಲೆ ಹಣ್ಣಾಗುವುದನ್ನೇ ನೋಡುತ್ತಾ ಕೂತಿರುತ್ತಿದ್ದ. ವೋರ್ಶಾ ಬಂದು ಹಿಲ್ಜಾಳ ಕಾಲು ಹಿಡಿದಳು. ಹಿಲ್ಜಾ ಅವಳನ್ನು ಎಬ್ಬಿಸಿ, ಹಾಲು ಕುಡಿಸಿ ಕಳಿಸಿದಳು, ಮಾತು ಮಾತ್ರ ಬದಲಿಸಲಿಲ್ಲ. ಮೊದಲ ಮಂಜು ಬಿದ್ದ ಬೆಳಿಗ್ಗೆ ಲೇಂಕಾ ಒಬ್ಬಳೇ ಬಂದಳು. ಒಲೆಯ ಪಕ್ಕದ ಗೂಟವನ್ನು ನೋಡಿ, “ಜ್ಞಾನತಾಯೀ, ಆ ಜೋಡು ಯಾರೂ ಹಾಕುವುದಿಲ್ಲವಲ್ಲ, ಅಪ್ಪನಿಗೆ ಕೊಡುತ್ತೀರಾ?” ಎಂದು ಕೇಳಿದಳು. ಹಿಲ್ಜಾಳ ಕೈ ಗೂಟದ ತನಕ ಹೋದದ್ದು ನಿಜ. ಆಗ ಅದೇ ತೋಳನ್ನು ಹಿಡಿದು ನಿಲ್ಲಿಸಿದ್ದವನ ಮಾತು ನೆನಪಾಯಿತು. “ಕಟ್ಟಳೆ ಅಂದರೆ ಕಟ್ಟಳೆ, ಮಗಳೇ” ಎಂದಳು. ಹುಡುಗಿ ಅಳಲಿಲ್ಲ, ಜ್ಞಾನತಾಯಿಯ ಮುಖವನ್ನು ಚೆನ್ನಾಗಿ ನೋಡಿಕೊಂಡು ಮನೆಗೆ ಹೋದಳು.

ಹಿಮ ಮೊಳಕಾಲುದ್ದ ಬಿದ್ದ ದಿನ ಹಾಂದ್ರಿಯನ್ನು ದಿಬ್ಬ ಹತ್ತಿಸಿದರು. ಹಿಲ್ಜಾ ನೆತ್ತಿಯ ತನಕ ಹಿಂದೆ ನಡೆದು, ಅವನ ಬರಿಗಾಲಿನ ಗುರುತುಗಳು ಆಚೆಯ ಇಳಿಜಾರಿನಲ್ಲಿ ಕಾಣದಾಗುವವರೆಗೆ ನಿಂತು ನೋಡಿದಳು. ಅವನು ಮರಳಿ ಬರಬಾರದೆಂದು ಮನೆಗೊಬ್ಬರು ಒಂದೊಂದು ಮುಮ್ಮೂಲೆ ಕಲ್ಲು ಹೊತ್ತು ತಂದು, ನೆಲ ಅಗೆದು, ಮೊನೆಯನ್ನು ಹೊರಕ್ಕೆ ವಾಲಿಸಿ ನೆಟ್ಟರು. ಮೊಟ್ಟೆಯನ್ನು ಕಾಯುವ ಹಲ್ಲು ಊರನ್ನೂ ಕಾಯಲಿ ಎಂದು. ಅವನು ಬರಲೇ ಇಲ್ಲ. ಮನೆಗೆ ಬಂದ ಹಿಲ್ಜಾ ಜೋಡುಗಳನ್ನು ಒಲೆಗೆ ಹಾಕಿದಳು. ಹೊಟ್ಟೆಯ ಉರಿ ತಣ್ಣಗಾಗುತ್ತದೆಂದು ಕಾದಳು. ಅಷ್ಟು ವರ್ಷ ಹೊತ್ತ ಉರಿ, ಒಂದೇ ದಿನಕ್ಕೆ ಆರೀತೇ?

ಜ್ಞಾನತಾಯಿಯ ಋಣ ಮಾತ್ರ ತೀರಿರಲಿಲ್ಲ. ಪ್ರತಿ ಈಸ್ಟರಿಗೆ ಅವಳು ಮೂರು ಮೊಟ್ಟೆ ಮಾಡಿದಳು, ಲೇಂಕಾ ಬಂದು ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಕೊನೆಯ ಮೊಟ್ಟೆಗಳನ್ನು ಕೊಡುವ ವರ್ಷ ಲೇಂಕಾ ಎದೆಯೆತ್ತರ ಬೆಳೆದು ನಿಂತಿದ್ದಳು. ತನ್ನ ಮಡಿಲಿನಿಂದ ಒಂದು ಕಪ್ಪು ಮೊಟ್ಟೆ ತೆಗೆದು ಹಿಲ್ಜಾಳ ಕೈಗಿಟ್ಟಳು. ಮೇಣ ಒರೆಸಿರಲಿಲ್ಲ. “ನೀವೇ ಕರಗಿಸಿ ನೋಡಿ” ಎಂದು ಹೊರಟುಹೋದಳು. ಹಿಲ್ಜಾ ದೀಪಕ್ಕೆ ಹಿಡಿದಳು. ಬೆಳ್ಳಗೆ ಎದ್ದು ಬಂದದ್ದು ಒಂದು ಜೊತೆ ಜೋಡು, ಅದರ ಸುತ್ತ ಒಳಕ್ಕೆ ತಿರುಗಿದ ಹಲ್ಲುಗಳು. ಗರಿಯ ಪ್ರತಿಯೊಂದು ಗುರುತೂ ಅಚ್ಚುಕಟ್ಟಾಗಿತ್ತು. ಅಷ್ಟು ವರ್ಷಗಳ ಮೊಟ್ಟೆಗಳನ್ನು ಕೂತು ನೋಡಿ ನೋಡಿಯೇ ಹುಡುಗಿ ಕೈಗೆಲಸ ಕಲಿತಿದ್ದಳು. ಮಾರನೆಯ ದಿನ ದಿಬ್ಬದ ಮೇಲೆ, ಹಾಂದ್ರಿಯನ್ನು ದಾಟಿಸಿದ ಜಾಗದಲ್ಲೇ, ಒಂದು ಕಲ್ಲು ಕಿತ್ತು ತಿರುಗಿಸಿ ನೆಟ್ಟದ್ದನ್ನು ಜನ ಕಂಡರು. ಅದರ ಮೊನೆ ನೇರ ಹಿಲ್ಜಾಳ ಮನೆಯ ಬಾಗಿಲಿಗಿತ್ತು. ಅದನ್ನು ಸರಿಪಡಿಸಲು ಹಾರೆ ಹಿಡಿದು ಹೊರಟವರನ್ನು ಹಿಲ್ಜಾಳೇ ತಡೆದು, “ಬಿಡಿ. ಅವಳಿಗೂ ನನ್ನಷ್ಟೇ ಹಕ್ಕಿದೆ” ಎಂದಳಂತೆ. ಆ ಕಪ್ಪು ಮೊಟ್ಟೆಯನ್ನು, ಜೋಡು ತೂಗುತ್ತಿದ್ದ ಗೂಟಕ್ಕೇ ದಾರ ಕಟ್ಟಿ ಇಳಿಬಿಟ್ಟು, ಸಾಯುವ ತನಕ ಅದರ ಕೆಳಗೇ ಅಡುಗೆ ಮಾಡಿಕೊಂಡಳು ಎನ್ನುತ್ತಾರೆ.

ಇಂದಿಗೂ ಜಲೇಸ್ಕಿಯಲ್ಲಿ ಮೇಣ ಒರೆಸದ ಮೊಟ್ಟೆಯನ್ನು ಯಾರೂ ಯಾರ ಕೈಗೂ ಕೊಡುವುದಿಲ್ಲ. ಹಬ್ಬದ ದಿನ ಮಕ್ಕಳು ಮೊಟ್ಟೆ ಉರುಳಿಸುವಾಗ ತಾಯಂದಿರು ಅವರನ್ನು ತಿರುಗಿದ ಕಲ್ಲಿನಿಂದ ಈಚೆಗೆ ಎಳೆದುಕೊಳ್ಳುತ್ತಾರೆ. ಹೊಸದಾಗಿ ಬಂದವರು ಅದರ ಪಕ್ಕ ನಿಂತು ಮೊನೆ ತೋರಿದ ಕಡೆ ಕಣ್ಣು ಹಾಯಿಸಿದರೆ, ಕೆಳಗೆ ಗಿಡಗಂಟಿ ಬೆಳೆದ ಒಂದು ಪಾಳು ತಳಪಾಯ ಕಾಣುತ್ತದೆ. ಹಿಲ್ಜಾಳ ಮನೆ ಇದ್ದದ್ದು ಅಲ್ಲೇ. ಊರಿನಲ್ಲಿ ಮನೆಗೆ ಜಾಗ ಸಾಲದೆ ಜನ ಪರದಾಡುತ್ತಿದ್ದರೂ ಅಲ್ಲಿ ಮತ್ತೆ ಯಾರೂ ಗೋಡೆ ಎಬ್ಬಿಸಿಲ್ಲ, ಕಲ್ಲನ್ನೂ ಯಾರೂ ಹಿಂದಕ್ಕೆ ತಿರುಗಿಸಿಲ್ಲ.