ಕೆರೆಯ ಏರಿಯ ಮೇಲೆ ಕೂಗಿದ ಬಳೆಗಾರ

“ಗುರುಗಳೇ, ಇವತ್ತು ಬೆಳಿಗ್ಗೆ ಧ್ಯಾನಕ್ಕೆ ಕುಳಿತಾಗ ಎಂದೂ ಕಾಣದ ಆನಂದ ಕಂಡೆ. ಊರಿಗೆಲ್ಲ ಕೂಗಿ ಹೇಳಿಬಿಡಲೇ?” ಎಂದು ಶಿಷ್ಯ ಕರಿಬಸವ ಕೇಳಿದ. ಅವನ ಒಂದು ಕಾಲು ಆಗಲೇ ಮಠದ ಹೊಸ್ತಿಲಾಚೆ ಇತ್ತು.

ಗುರುಗಳು ನಕ್ಕರು. “ಊರು ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ಕತೆ ಕೇಳಿಕೊಂಡು ಹೋಗು” ಎಂದು ಆರಂಭಿಸಿದರು.

ಒಬ್ಬ ಬಳೆಗಾರನಿದ್ದ. ಮೂವತ್ತು ವರ್ಷ ಊರೂರು ಸುತ್ತಿ ಬಳೆ ಮಾರಿದವನು. ಊರ ಈ ತುದಿಯಲ್ಲಿ ಅವನು ಬಾಯಿ ತೆರೆದರೆ ಆ ತುದಿಯ ಹೆಂಗಸರು ಕೈ ತೊಳೆದುಕೊಂಡು ಹೊರಗೆ ಬರುತ್ತಿದ್ದರು, ಅಂಥ ಗಂಟಲು. ಆದರೆ ಬಾಣಂತಿ ಇರುವ ಬೀದಿಯಲ್ಲಿ ಅವನು ಕೂಗುತ್ತಿರಲಿಲ್ಲ. ಹೆಗಲ ಮೇಲಿನ ಬಳೆಯ ಮಲಾರವನ್ನು ಇಳಿಸಿ, ಸದ್ದಾಗದಂತೆ ಎದೆಗವಚಿಕೊಂಡು, ಬಾಗಿಲ ಬಳಿ ನಿಂತು ಮೆಲ್ಲಗೆ ಕೆಮ್ಮುತ್ತಿದ್ದ. ಮಲಗಿದ ಕೂಸು ಬೆಚ್ಚಬಾರದೆಂದು ಅವನ ತಂದೆ ಕಲಿಸಿದ ಕ್ರಮ ಅದು.

ದೂರದ ಒಂದು ಕೆರೆಗೆ ಸಾವಿರಾರು ಹಕ್ಕಿಗಳು ಬಂದು ಗೂಡು ಕಟ್ಟುತ್ತವೆ ಎಂದು ಅವನು ಹೋದ ಮನೆಯಲ್ಲೆಲ್ಲ ಕೇಳಿದ್ದ. ಅಲ್ಲಿ ನೀರಿನ ನಡುವೆ ಬೆಳೆದ ಜಾಲಿಮರಗಳಿಗೆ ಯಾರೂ ಕೊಡಲಿ ಹಾಕುವುದಿಲ್ಲ, ಅಂಚಿನ ಜೊಂಡನ್ನು ಯಾರೂ ಕೊಯ್ಯುವುದಿಲ್ಲ ಎನ್ನುತ್ತಿದ್ದರು. ಒಂದು ವರ್ಷ ಅವನಿಗೆ ತಡೆಯಲಾಗಲಿಲ್ಲ. ವ್ಯಾಪಾರವನ್ನು ಅರ್ಧಕ್ಕೇ ಬಿಟ್ಟು ಎರಡು ದಿನ ನಡೆದ. ಕೊನೆಯ ಹರದಾರಿಯನ್ನು ಮಲಾರ ಹೊತ್ತುಕೊಂಡೇ ಓಡಿದ. ಎಷ್ಟು ಬಳೆ ಒಡೆದವೋ ಅವನಿಗೇ ಗೊತ್ತಿಲ್ಲ.

ಏರಿ ಹತ್ತಿದಾಗ ನಡುಮಧ್ಯಾಹ್ನ. ಒಂದೊಂದು ಮರದಲ್ಲೂ ನೂರು ಕೊಕ್ಕರೆ. ಚೀಲದಂಥ ಕೊಕ್ಕಿನ ಹೆಜ್ಜಾರ್ಲೆಗಳು ಸಾಲು ಸಾಲಾಗಿ ನೀರಿಗೆ ಇಳಿಯುತ್ತಿದ್ದವು. ಕೇಳಿದ್ದಕ್ಕಿಂತ ಹತ್ತು ಪಾಲು ಹೆಚ್ಚಾಗಿತ್ತು. ಬಳೆಗಾರನಿಗೆ ಸಂತೋಷ ಎದೆಯಲ್ಲಿ ಹಿಡಿಸಲಿಲ್ಲ. ಎರಡೂ ಕೈ ಮೇಲೆತ್ತಿ, ಗಂಟಲು ಬಿಚ್ಚಿ ಕೂಗಿಬಿಟ್ಟ.

ಹಕ್ಕಿಗಳೆಲ್ಲ ಒಮ್ಮೆಗೇ ಮೇಲೆದ್ದವು. ಆಕಾಶ ತುಂಬಿಹೋಯಿತು. ಅದನ್ನು ಕಂಡು ಅವನು ಇನ್ನಷ್ಟು ಹಿಗ್ಗಿ ಕುಣಿದ.

ಕೆರೆ ಕಾಯುವ ಮುದುಕ ಓಡಿಬಂದು ಅವನ ತೋಳು ಹಿಡಿದು ಗೂಡುಗಳ ಕಡೆ ಕೈ ತೋರಿಸಿದ. ಪುಕ್ಕ ಮೂಡದ ಮರಿಗಳು ತಾಯಿಯ ರೆಕ್ಕೆಯ ನೆರಳಿಲ್ಲದೆ ಸುಡುಬಿಸಿಲಿಗೆ ಬಿದ್ದಿದ್ದವು. ಮೇಲೆ ಹದ್ದೊಂದು ಸುತ್ತುತ್ತಿತ್ತು.

“ಬಳೆಗಾರಣ್ಣ, ಬಾಣಂತಿ ಮನೆ ಮುಂದೂ ಹಿಂಗೇನಾ ನೀನು ಕೂಗೋದು?” ಎಂದು ಮುದುಕ ಕೇಳಿದ.

ಬಳೆಗಾರ ಅಲ್ಲೇ ಕುಳಿತ. ಮಲಾರವನ್ನು ಎದೆಗವಚಿಕೊಂಡ. ಉಸಿರಾಡಿದರೂ ಬಳೆ ಸದ್ದು ಮಾಡೀತೆಂದು ಹೆದರಿದ. ಬಹಳ ಹೊತ್ತಿನ ಮೇಲೆ ಹಕ್ಕಿಗಳು ಒಂದೊಂದಾಗಿ ಇಳಿದು ಮರಿಗಳ ಮೇಲೆ ರೆಕ್ಕೆ ಹರಡಿದವು. ಒಂದು ಗೂಡಿಗೆ ಮಾತ್ರ ತಾಯಿಗಿಂತ ಮೊದಲು ಹದ್ದು ಬಂದಿತ್ತು.

ಬಳೆಗಾರ ಕಣ್ಣೊರೆಸಿಕೊಳ್ಳುತ್ತ ಸಂಜೆಯವರೆಗೆ ಅಲ್ಲೇ ಕುಳಿತ. ಕೊಕ್ಕರೆಗಳು ಕೊಕ್ಕಿನಲ್ಲಿ ನೀರು ತಂದು ಮರಿಗಳ ಮೇಲೆ ಸುರಿಯುವುದನ್ನು ನೋಡಿದ. ಮರಿಗಳು ತಲೆಯೆತ್ತುವುದನ್ನು ನೋಡಿದ. ಆಗ ಅವನಿಗಾದ ಸಂತೋಷ ಮೊದಲಿನದಕ್ಕಿಂತ ದೊಡ್ಡದು. ಆದರೂ ಅವನು ಬಾಯಿ ತೆರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವನ ಕಾಲು ಇನ್ನೂ ಹೊಸ್ತಿಲಾಚೆಯೇ ಇತ್ತು.

“ಬಳೆಗಾರ ಕೂಗಿದ್ದು ತಪ್ಪು, ಒಪ್ಪಿದೆ. ನಾನು ಕೂಗಿದರೆ ಯಾರ ಮರಿಗೆ ಏನಾಗುತ್ತದೆ?” ಎಂದು ಅವನು ಕೇಳಿದ.

ಗುರುಗಳು ಹೇಳಿದರು: “ನಿನ್ನ ಗೂಡಿನ ಮರಿ ಹುಟ್ಟಿದ್ದು ಇವತ್ತು ಬೆಳಿಗ್ಗೆ.”