ಬೀಗಕ್ಕೆ ಇಟ್ಟ ಕುಂಕುಮ

ಗುರುಶಾಂತಪ್ಪನವರ ಹಳೆಯ ಕಾರಿನ ಟ್ಯಾಂಕಿಗೆ ಯಾರೋ ರಬ್ಬರ್ ಪೈಪು ಇಳಿಸಿ ಪೆಟ್ರೋಲು ಕದಿಯುತ್ತಿದ್ದರು. ಅದಕ್ಕೆಂದು ಅವರು ಟ್ಯಾಂಕಿನ ಬಾಯಿಗೆ ಬೀಗದ ಮುಚ್ಚಳ ಹಾಕಿಸಿದರು. ಆಯುಧಪೂಜೆಯ ದಿನ ಬಾನೆಟ್ಟಿಗೆ, ಸ್ಟೇರಿಂಗಿಗೆ, ಆ ಬೀಗಕ್ಕೆ ಕುಂಕುಮವಿಟ್ಟರು. ಬಗ್ಗಿ ಕಾರಿನ ಅಡಿಯನ್ನು ಮಾತ್ರ ನೋಡಲಿಲ್ಲ.

ಟ್ಯಾಂಕು ಬೀಗಕ್ಕೆ ಹೇಳಿತು: "ಸ್ವಾಮಿ, ನನ್ನ ತಳ ತುಕ್ಕು ಹಿಡಿದಿದೆ. ಬೆರಳಿಟ್ಟರೆ ತೂತಾಗುತ್ತದೆ. ಯಜಮಾನರು ದಿನಾ ನಿಮ್ಮನ್ನು ಮುಟ್ಟಿ ನೋಡುತ್ತಾರೆ. ಒಂದು ಮಾತು ತಿಳಿಸಿ."

"ನನ್ನನ್ನು ಇಟ್ಟಿರುವುದು ಬಾಯಿ ಕಾಯಲು," ಎಂದಿತು ಬೀಗ. "ತಳದ ವಿಚಾರ ನನಗೆ ಸೇರಿದ್ದಲ್ಲ. ಹಬ್ಬದ ದಿನ ಅಪಶಕುನ ನುಡಿಯಬೇಡಿ."

ಮರುದಿನ ಮಧ್ಯಾಹ್ನ ಕಳ್ಳ ಬಂದ. ಬೀಗ ಕಂಡವನೇ ಪೈಪನ್ನು ಸುತ್ತಿಟ್ಟು, ಕಾರಿನಡಿ ಮಲಗಿ, ಸ್ಕ್ರೂಡ್ರೈವರಿನಿಂದ ಒಂದೇ ಏಟು ಹಾಕಿದ. ಕ್ಯಾನು ತುಂಬಿಸಿಕೊಂಡು ಹೊರಟುಹೋದ. ಮಿಕ್ಕಿದ್ದೆಲ್ಲ ಮಣ್ಣಿಗೆ ಸುರಿಯಿತು.

"ಮೊದಲೇ ಹೇಳಿದ್ದೆನಲ್ಲ," ಎಂದಿತು ಟ್ಯಾಂಕು.

"ನನ್ನ ಕಡೆಯಿಂದ ಒಂದು ಹನಿಯೂ ಹೋಗಿಲ್ಲ," ಎಂದಿತು ಬೀಗ.

ಗುರುಶಾಂತಪ್ಪನವರು ಬಂದು ಬೀಗವನ್ನು ಎಳೆದು ನೋಡಿದರು. ಅದು ಅಲುಗಲಿಲ್ಲ. "ಈ ಗಾಡಿಯಲ್ಲಿ ನಿಯತ್ತು ಇರುವುದು ಇದೊಂದಕ್ಕೇ," ಎಂದರು. ಟ್ಯಾಂಕನ್ನು ಬಿಚ್ಚಿಸಿ ಗುಜರಿಗೆ ಹಾಕಿದರು. ಹೊಸ ಟ್ಯಾಂಕಿಗೂ ಅದೇ ಬೀಗ ಹಾಕಿಸಿ, ಮತ್ತೊಮ್ಮೆ ಕುಂಕುಮವಿಟ್ಟರು.

ಹೊಸ ಟ್ಯಾಂಕು ಅಂಜುತ್ತ ಕೇಳಿತು: "ಸ್ವಾಮಿ, ನನಗಿಂತ ಮುಂಚೆ ಇಲ್ಲಿದ್ದವರು ಏನಾದರು?"

"ಅವರನ್ನು ತೆಗೆದುಹಾಕಿದರು," ಎಂದಿತು ಬೀಗ. "ಅವರಿಗೆ ಸೋರುವ ಚಾಳಿ ಇತ್ತು."